ಮೇಲಿನದ್ದೆಷ್ಟು, ಕೆಳಗಿನದ್ದೆಷ್ಟು?

ಬೆಳಗ್ಗೆ ಆರೂವರೆಗೆ ಮೈಸೂರಿನ ಯಾವ ಬಡಾವಣೆಯ ಪಾರ್ಕಿಗಾದರೂ ಹೋಗಿ ಕಲ್ಲುಬೆಂಚಿನ ಮೇಲೆ ಸುಮ್ಮನೆ ಕೂತು ನೋಡಿ. ಶೇರುಪೇಟೆಗೆ ಬಂದ ಹಾಗಿರುತ್ತದೆ. ‘ನಿನ್ನೆ ನಂದು 148, ಕೆಳಗೆ 92.’ ‘ಅಷ್ಟೇನಾ? ನಂದು 160 ಮುಟ್ಟಿ ವಾಪಸ್ ಬಂತು!’ ಎರಡನೆಯವರ ದನಿಯಲ್ಲಿ ಸಂಕಟಕ್ಕಿಂತ ಹೆಮ್ಮೆಯೇ ಒಂದು ತೂಕ ಹೆಚ್ಚು. ಮೂರನೆಯವರು ಇನ್ನೂ ಬಾಯಿಬಿಟ್ಟಿರುವುದಿಲ್ಲ. ಅವರದ್ದು 180, ಕೊನೆಯಲ್ಲಿ ಹೇಳಿ ಎಲ್ಲರ ಬಾಯಿ ಮುಚ್ಚಿಸೋಣ ಅಂತ ಕಾಯುತ್ತಿರುತ್ತಾರೆ. 120/80 ಇರುವವನಿಗೆ ಆ ಬೆಂಚಿನಲ್ಲಿ ಮರ್ಯಾದೆಯೇ ಇಲ್ಲ. ‘ನಿಮಗೇನ್ ಬಿಡಿ ಸ್ವಾಮಿ, ಜವಾಬ್ದಾರಿ ಕಡಿಮೆ’ ಎಂದುಬಿಡುತ್ತಾರೆ.

ಬಿಪಿ ಬರುವುದು ಸಿಟ್ಟಿನಿಂದ ಎಂದು ನಮ್ಮಲ್ಲಿ ತೀರ್ಮಾನವಾಗಿ ಬಹಳ ಕಾಲವಾಯಿತು. ಮಗ ಫೋನ್ ಎತ್ತದಿದ್ದರೆ ಬಿಪಿ, ಆಟೋದವನು ಮೀಟರ್ ಹಾಕದಿದ್ದರೆ ಬಿಪಿ, ಆರ್‌ಸಿಬಿಯವರು ಕೊನೇ ಓವರಿನಲ್ಲಿ ಕೈಕೊಟ್ಟರೆ ಊರಿಗೂರಿಗೇ ಬಿಪಿ. ಸಿಟ್ಟು ಬಂದಾಗ ಏರುತ್ತದೆ, ಸುಳ್ಳಲ್ಲ. ಆದರೆ ಅದು ಸಿಟ್ಟಿಳಿದ ಮೇಲೆ ಇಳಿಯುತ್ತದೆ. ಕಾಯಿಲೆ ಅನ್ನಿಸಿಕೊಳ್ಳುವುದು ಇಳಿಯದೇ ಕೂರುವ ಬಿಪಿ. ನೀವು ಹಾಯಾಗಿ ಕೂತು ಹಳೇ ರಾಜ್‌ಕುಮಾರ್ ಸಿನಿಮಾ ನೋಡುತ್ತಿರುವಾಗಲೂ ಅದು ಮೇಲೇ ಇರುತ್ತದೆ. ಬೇರೆ ಬೇರೆ ದಿನ ನೋಡಿದಾಗಲೂ 140/90ರ ಮೇಲೇ ಇದ್ದರೆ ಡಾಕ್ಟರು ಚೀಟಿ ಬರೆಯಲು ಪೆನ್ನು ತೆಗೆಯುತ್ತಾರೆ. ಹಾಗೆ ನೋಡಿದರೆ, ಜನ್ಮದಲ್ಲಿ ಯಾರಿಗೂ ‘ಏನೋ’ ಅನ್ನದ ಸಾಧುವಿಗೆ 170 ಇರಬಹುದು; ಇಡೀ ಬೀದಿಯನ್ನು ಬೈದು ಎಬ್ಬಿಸುವ ಅಜ್ಜಿಗೆ 118 ಇರಬಹುದು. ನ್ಯಾಯವಿಲ್ಲ, ಏನು ಮಾಡುವುದು.

ಇನ್ನೊಂದು ಗುಂಪಿನವರು ಇನ್ನೂ ಜಾಣರು. ‘ನಂಗೆ ಬಿಪಿ ಏರಿದ್ರೆ ಗೊತ್ತಾಗುತ್ತೆ ಕಣ್ರೀ, ಕತ್ತಿನ ಹಿಂದೆ ಚುಂಯ್ ಅನ್ನುತ್ತೆ.’ ಇವರು ಚುಂಯ್ ಅಂದ ದಿನ ಮಾತ್ರ ಮಾತ್ರೆ ನುಂಗುವವರು. ಚುಂಯ್ ಅನ್ನದ ದಿನಗಳಲ್ಲಿ ಬಿಪಿ ಒಳಗೆ ಕಿಡ್ನಿಯನ್ನೂ ಕಣ್ಣಿನ ಸಣ್ಣ ರಕ್ತನಾಳಗಳನ್ನೂ ಹೃದಯವನ್ನೂ ಸದ್ದಿಲ್ಲದೆ ಸವೆಸುತ್ತಿರುತ್ತದೆ. ಬಹುತೇಕರಿಗೆ ಲಕ್ಷಣವೇ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಬಿಪಿ ಇತ್ತೆಂದು ತಿಳಿಯುವುದು ಲಕ್ವ ಹೊಡೆದು ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗಲೇ.

ದೊಡ್ಡವರ ಮನೆಯಲ್ಲೂ ಇದೇ ಕತೆ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಖಾಸಾ ವೈದ್ಯರು ಕಿವಿ-ಮೂಗು-ಗಂಟಲಿನ ತಜ್ಞರು. ಅಧ್ಯಕ್ಷರು ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇದ್ದಾರೆ ಎಂದು ಅವರು ಪತ್ರಿಕೆಯವರಿಗೆ ಹೇಳುತ್ತಲೇ ಇದ್ದರು. 1944ರ ಮಾರ್ಚಿನಲ್ಲಿ ಹೋವರ್ಡ್ ಬ್ರೂಯೆನ್ ಎಂಬ ಹೃದ್ರೋಗ ತಜ್ಞರು ಪಟ್ಟಿ ಕಟ್ಟಿ ನೋಡಿದರೆ 186/108. ಕಂಡುಹಿಡಿದೇನು ಬಂತು? ಉಪ್ಪು ಕಡಿಮೆ ಮಾಡಿ, ವಿಶ್ರಾಂತಿ ತೆಗೆದುಕೊಳ್ಳಿ ಅನ್ನುವುದರಾಚೆ ಬಿಪಿಗೆಂದು ಕೊಡಲು ಒಳ್ಳೆಯ ಮಾತ್ರೆಯೇ ಆಗ ಇರಲಿಲ್ಲ. ಮಹಾಯುದ್ಧ ನಡೆಸುವವನಿಗೆ ವಿಶ್ರಾಂತಿ ಎಲ್ಲಿಂದ ಬರಬೇಕು? 1945ರ ಏಪ್ರಿಲ್ 12ರಂದು ಚಿತ್ರಕಾರರೊಬ್ಬರ ಮುಂದೆ ಕೂತಿದ್ದವರು ತಲೆ ಸಿಡಿಯುತ್ತಿದೆ ಎಂದು ಕುಸಿದರು. ಆಗ ನೋಡಿದ ಬಿಪಿ 300/190. ಮಿದುಳಿನಲ್ಲಿ ರಕ್ತಸ್ರಾವವಾಗಿ ಅಂದೇ ತೀರಿಕೊಂಡರು. ಜಗತ್ತಿನ ಅತಿ ಬಲಾಢ್ಯ ಮನುಷ್ಯನಿಗೆ ಸಿಗದ ಮಾತ್ರೆ ಇವತ್ತು ನಮ್ಮ ಚಿಕ್ಕಪ್ಪನಿಗೆ ಜನೌಷಧಿ ಅಂಗಡಿಯಲ್ಲಿ ಒಂದು ಲೋಟ ಕಾಫಿಗಿಂತ ಅಗ್ಗಕ್ಕೆ ಸಿಗುತ್ತದೆ. ಅವರು ಅದನ್ನು ಟಿವಿ ಸ್ಟ್ಯಾಂಡಿನ ಡ್ರಾಯರಿನಲ್ಲಿ ಭದ್ರವಾಗಿ ಇಟ್ಟಿದ್ದಾರೆ.

ಚಿಕ್ಕಪ್ಪನ ಮನೆಯಲ್ಲಿ ಬಿಪಿ ನೋಡುವುದೇ ಒಂದು ಸಮಾರಂಭ. ಅಮೆರಿಕದಿಂದ ಮಗ ಕಳಿಸಿದ ಮಿಷನ್ನು ಷೋಕೇಸಿನಿಂದ ಇಳಿದು ಟೀಪಾಯಿಗೆ ಬರುತ್ತದೆ. ಚಿಕ್ಕಪ್ಪ ಆಗ ತಾನೇ ವಾಕಿಂಗ್ ಮುಗಿಸಿ, ದಾರಿಯಲ್ಲಿ ಕಾಫಿ ಕುಡಿದು ಬಂದಿರುತ್ತಾರೆ. ಸ್ವೆಟರಿನ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಕಾಲ ಮೇಲೆ ಕಾಲು ಹಾಕಿ, ಕೈಯನ್ನು ಕುರ್ಚಿಯ ಪಕ್ಕಕ್ಕೆ ಇಳಿಬಿಟ್ಟು ಗುಂಡಿ ಒತ್ತುತ್ತಾರೆ. ಮಿಷನ್ನು ಗುರ್ ಅನ್ನತೊಡಗಿದ ಮೇಲೆ ಮಾತು ಶುರು.

‘ನೀನು ನೆನ್ನೆ ಗ್ಯಾಸ್ ಬುಕ್ ಮಾಡಿದ್ಯೇನೇ?’

‘ರೀ, ಒಂದು ನಿಮಿಷ ಬಾಯಿ ಮುಚ್ಕೊಂಡ್ ಕೂತ್ಕೊಳ್ಳಿ ಅಂದಿದ್ರು ಡಾಕ್ಟ್ರು.’

‘ಬಾಯಿಗೂ ಕೈಗೂ ಏನೇ ಸಂಬಂಧ?’

ಸಂಬಂಧ ಇದೆ. ಪಟ್ಟಿ ಬಿಗಿಯುವಾಗ ಮಾತಾಡಿದರೆ ಹತ್ತು ಪಾಯಿಂಟಿನ ತನಕ ಸುಳ್ಳೇ ಏರಬಹುದು. ಕಾಲ ಮೇಲೆ ಕಾಲು ಹಾಕಿದರೆ, ಕೈ ಎದೆಮಟ್ಟಕ್ಕಿಂತ ಕೆಳಗಿದ್ದರೆ, ಒಂದಕ್ಕೆ ಹೋಗದೆ ತಡೆದುಕೊಂಡು ಕೂತರೆ ಇನ್ನಷ್ಟು. ಅರ್ಧ ಗಂಟೆ ಮುಂಚಿನಿಂದ ಕಾಫಿ, ಬೀಡಿ-ಸಿಗರೇಟು ಇಲ್ಲ. ಒಂದಕ್ಕೆ ಹೋಗಿ ಬಂದು, ಬೆನ್ನಿಗೆ ಆನಿಕೆ ಕೊಟ್ಟು, ಎರಡೂ ಪಾದ ನೆಲಕ್ಕೂರಿ ಐದು ನಿಮಿಷ ಮೌನ. ಬರೀ ತೋಳಿಗೆ ಪಟ್ಟಿ, ಮೊಳಕೈ ಮೇಜಿನ ಮೇಲೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡನ್ನೂ ಬರೆದಿಡುವುದು. ಇಷ್ಟೇ ವಿಧಿ. ಸತ್ಯನಾರಾಯಣ ಪೂಜೆಗೆ ಇದರ ಹತ್ತರಷ್ಟು ನಿಯಮ ಪಾಲಿಸುವ ಚಿಕ್ಕಪ್ಪನಿಗೆ ಐದು ನಿಮಿಷದ ಮೌನವೊಂದು ಒಗ್ಗುವುದಿಲ್ಲ. ಮಿಷನ್ನು 164 ತೋರಿಸುತ್ತದೆ, ‘ಚೀನಾ ಮಾಲು, ಸರಿಯಿಲ್ಲ’ ಎಂದು ಮತ್ತೆ ಷೋಕೇಸು ಸೇರುತ್ತದೆ.

ಕೆಲವರಿಗೆ ಮನೆಯಲ್ಲಿ ಸರಿಯಿದ್ದು ಡಾಕ್ಟರ ಮುಂದೆ ಮಾತ್ರ ಏರುತ್ತದೆ, ಅದೂ ನಿಜ. ಬಿಳಿ ಕೋಟಿನ ಭಯ. ಅಂದಹಾಗೆ, ರಕ್ತದೊತ್ತಡವನ್ನು ಮೊದಲು ಅಳೆಸಿಕೊಂಡದ್ದು ಒಂದು ಕುದುರೆ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಅದರ ರಕ್ತನಾಳಕ್ಕೆ ಗಾಜಿನ ಕೊಳವೆ ಸೇರಿಸಿ, ರಕ್ತ ಎಂಟಡಿಗೂ ಮೇಲೆ ಏರಿದ್ದನ್ನು 1733ರಲ್ಲಿ ಬರೆದ. ಆ ಕುದುರೆಗೆ ಎಂಥ ಭಯವಿತ್ತೋ ಯಾರು ಕೇಳಿದರು?

ಇನ್ನು ಉಪ್ಪು. ಕೇಳಿ ನೋಡಿ, ‘ನಮ್ಮನೇಲಿ ಉಪ್ಪು ತುಂಬಾ ಕಡಿಮೆ’ ಅನ್ನದ ಗೃಹಿಣಿ ಕರ್ನಾಟಕದಲ್ಲಿಲ್ಲ. ಸಾರಿನಲ್ಲಿ ಒಂದು ಚಿಟಿಕೆ ಕಡಿಮೆ ಹಾಕಿರುತ್ತಾರೆ, ಒಪ್ಪಿದೆ. ಆಮೇಲೆ ತಟ್ಟೆಗೆ ಬರುವುದನ್ನು ನೋಡಿ: ಮಾವಿನ ಮಿಡಿ, ಅದರ ರಸ ಅನ್ನಕ್ಕೆ ಒಂದು ಸುತ್ತು, ಕರಿದ ಹಪ್ಪಳ, ಪುಳಿಯೋಗರೆ ಗೊಜ್ಜು, ಮೊಸರನ್ನಕ್ಕೆ ಬಾಳಕದ ಮೆಣಸಿನಕಾಯಿ. ಆ ಮೆಣಸಿನಕಾಯಿಯ ಹೊಟ್ಟೆ ಸೀಳಿ, ಉಪ್ಪು ಹಾಕಿದ ಮಜ್ಜಿಗೆಯಲ್ಲಿ ಮುಳುಗಿಸಿ, ಬಿಸಿಲಿಗೆ ಹಾಕಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಿ, ಮಜ್ಜಿಗೆಯೆಲ್ಲ ಹೀರಿಕೊಳ್ಳುವ ತನಕ ಒಣಗಿಸಿರುತ್ತಾರೆ. ಎಣ್ಣೆಗೆ ಬಿಟ್ಟಾಗ ಉಬ್ಬಿ ಕಪ್ಪಾಗಿ ಚಟಪಟ ಅನ್ನುವ ಆ ಕಾಯಿಯ ರುಚಿಯಲ್ಲಿ ಅರ್ಧ ಉಪ್ಪಿನದೇ. ಸಂಜೆ ಕಾಂಗ್ರೆಸ್ ಕಡಲೆಕಾಯಿ, ಖಾರದ ಬನ್ನು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚ. ನಮ್ಮ ಜನ ಅದನ್ನು ಮಧ್ಯಾಹ್ನದೊಳಗೇ ಮುಗಿಸಿರುತ್ತಾರೆ.

‘ನಾವು ಸೈಂಧವ ಲವಣಕ್ಕೆ ಬದಲಾಯಿಸಿದ್ವಿ’ ಎನ್ನುತ್ತಾರೆ ಅತ್ತಿಗೆ. ಬಣ್ಣ ಗುಲಾಬಿ, ಬೆಲೆ ಜಾಸ್ತಿ, ಒಳಗಿರುವುದು ಅದೇ ಸೋಡಿಯಂ ಕ್ಲೋರೈಡು. ಸೋಡಿಯಂ ಕಡಿಮೆಯಿರುವ ಬೇರೆ ಉಪ್ಪು ಬಂದಿದೆ, ಅದರಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಆದರೆ ಕಿಡ್ನಿ ತೊಂದರೆಯಿರುವವರು, ಟೆಲ್ಮಿಸಾರ್ಟಾನ್ ಥರದ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಅದರ ಗೊಡವೆಗೆ ಹೋಗಬಾರದು. ಕೆಮ್ಮಿಗೆಂದು ದಿನವೂ ಜೇಷ್ಠಮಧು ಜಗಿಯುವುದು, ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುವುದು, ಇವೂ ಬಿಪಿ ಏರಿಸುತ್ತವೆ. ಇದನ್ನು ಪಾರ್ಕಿನಲ್ಲಿ ಯಾರೂ ಹೇಳುವುದಿಲ್ಲ.

ಪಾರ್ಕಿನಲ್ಲಿ ಹೇಳುವುದು ಬೇರೆ. ‘ಇಂಗ್ಲಿಷ್ ಮಾತ್ರೆ ಶುರು ಮಾಡಿದ್ರೆ ಸಾಯೋ ತನಕ ಬಿಡಂಗಿಲ್ಲ. ಬೇರು-ನಾರಿನಲ್ಲಿ ಮಾಡ್ಕೊಳ್ಳಿ.’ ಈ ಸಲಹೆ ಕೊಡುವವರು ಬೆಳಗ್ಗೆ ತಾವೇ ಎರಡು ಮಾತ್ರೆ ನುಂಗಿ ಬಂದಿರುತ್ತಾರೆ. ಬೇರು-ನಾರಿನ ಹೆಮ್ಮೆ ನಮಗೆ ಇರಬೇಕಾದದ್ದೇ: ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರು ಬಿಪಿ ಇಳಿಸುತ್ತದೆಂದು ಮುಂಬಯಿಯ ಡಾ. ರುಸ್ತುಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದಾಗ ಜಗತ್ತಿನ ವೈದ್ಯರು ಎದ್ದು ಕೂತರು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿ ಮಾತ್ರೆ ಮಾಡಿದರು. ಮೂಗು ಕಟ್ಟುವುದು, ಮನಸ್ಸು ಮಂಕಾಗುವುದು ಎಂಬ ದೂರುಗಳು ಬಂದವು, ಅದಕ್ಕಿಂತ ಒಳ್ಳೆಯ ಮಾತ್ರೆಗಳೂ ಬಂದವು. ಬೇರು ಎಂದಮಾತ್ರಕ್ಕೆ ಸಾಧುವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಸರ್ಪಗಂಧ ಮುಗಿದ ಮೇಲೆ ಸರ್ಪಕ್ಕೇ ಕೈಹಾಕಿದರು ಅನ್ನಿ: ಬ್ರೆಜಿಲ್ಲಿನ ಒಂದು ಮಂಡಲದ ಹಾವಿನ ವಿಷದ ಅಧ್ಯಯನದಿಂದ ಕ್ಯಾಪ್ಟೊಪ್ರಿಲ್ ಹುಟ್ಟಿ 1981ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಎನಾಲಾಪ್ರಿಲ್, ರಾಮಿಪ್ರಿಲ್ ಅದರದೇ ವಂಶ.

ಮಾತ್ರೆ ಬಿಡುವವರ ತರ್ಕ ಕೇಳುವುದೇ ಒಂದು ಸೊಗಸು. ‘ನಾರ್ಮಲ್ ಬಂತಲ್ಲ, ಇನ್ಯಾಕೆ?’ ನಾರ್ಮಲ್ ಬಂದದ್ದೇ ಮಾತ್ರೆಯಿಂದ ಸ್ವಾಮಿ. ಅದರಲ್ಲೂ ಅಮ್ಲೋಡಿಪಿನ್ ಮಹಾ ಮೋಸಗಾರ. ನಿಲ್ಲಿಸಿದ ಮೇಲೂ ಅದರ ಪ್ರಭಾವ ಕೆಲವು ದಿನ ಮೈಯಲ್ಲಿ ಉಳಿಯುತ್ತದೆ. ‘ಬಿಟ್ಟು ಮೂರು ದಿನ ಆಯ್ತು, ನೋಡಿ ಹೆಂಗಿದೀನಿ!’ ಎಂದು ಎದೆ ತಟ್ಟಿಕೊಳ್ಳುವವರು ಆಗಿನ್ನೂ ಹಳೆಯ ಮಾತ್ರೆಯ ದಯದಿಂದಲೇ ಓಡಾಡುತ್ತಿರುತ್ತಾರೆ. ಕೆಲವರಿಗೆ ಅದೇ ಮಾತ್ರೆಯಿಂದ ಪಾದ ಊದಿಕೊಳ್ಳುತ್ತದೆ, ರಾಮಿಪ್ರಿಲ್ಲಿನಿಂದ ಒಣಕೆಮ್ಮು ಹತ್ತುತ್ತದೆ. ಅದನ್ನು ಡಾಕ್ಟರಿಗೆ ಹೇಳಿದರೆ ಮಾತ್ರೆ ಬದಲಾಯಿಸುತ್ತಾರೆ. ನಮ್ಮವರು ಹೇಳುವುದು ಪಕ್ಕದ ಮನೆಯವರಿಗೆ. ಪಕ್ಕದ ಮನೆಯವರು ತಮ್ಮ ಯಜಮಾನರ ಮಾತ್ರೆಯನ್ನೇ ಅರ್ಧ ಮುರಿದು ಕೊಡುತ್ತಾರೆ. ತೂಕ ಇಳಿಸಿ, ದಿನಾ ನಡೆದು, ಕುಡಿತ ಬಿಟ್ಟು, ಉಪ್ಪು ತಗ್ಗಿಸಿದವರಿಗೆ ಮಾತ್ರೆ ಕಡಿಮೆಯಾದದ್ದುಂಟು, ಕೆಲವರಿಗೆ ನಿಂತದ್ದೂ ಉಂಟು. ನಿಲ್ಲಿಸಿದವರು ಡಾಕ್ಟರು, ಪಾರ್ಕಿನ ಬೆಂಚಲ್ಲ.

ಮೂವತ್ತು ದಾಟಿದವರು, ಚುಂಯ್ ಅನ್ನಲಿ ಬಿಡಲಿ, ಒಮ್ಮೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಸರ್ಕಾರದ ‘ನಮ್ಮ ಕ್ಲಿನಿಕ್’ಗೋ ಹೋಗಿ ಪಟ್ಟಿ ಕಟ್ಟಿಸಿಕೊಂಡು ಬನ್ನಿ. ನೋಡುವುದಕ್ಕೆ ದುಡ್ಡಿಲ್ಲ, ಮಾತ್ರೆಯೂ ಅಲ್ಲೇ ಪುಕ್ಕಟೆ. ಕಾಫಿಯನ್ನು ವಾಪಸ್ ಬಂದ ಮೇಲೆ ಕುಡಿದರಾಯಿತು.