ಹದಿನೈದು ದಿನದ ದಧೀಚಿ

ದೇವತೆಗಳ ಆಯುಧಕ್ಕೆಂದು ದಧೀಚಿ ತನ್ನ ಎಲುಬನ್ನೇ ಕೊಟ್ಟನಂತೆ. ಪಾಪ, ಆಗ ತ್ರೀಡಿ ಪ್ರಿಂಟರ್ ಇರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಟೆಕ್ಕಿ ಮಹಾಶಯರಿಗೆ ಅದೂ ಇತ್ತು, ಹದಿನೈದು ದಿನ ರಜೆಯೂ ಇತ್ತು. ಎಲುಬಿಗೆ ಏನೂ ಆಗದಂತೆ ಕಾಂಬೋಡಿಯಾಕ್ಕೆ ಹೋಗಿ, ಬೆರಳಿಲ್ಲದ ಮಕ್ಕಳಿಗೆ ಪ್ಲಾಸ್ಟಿಕ್ ಕೈ ಮಾಡಿಕೊಟ್ಟು, ಅಂಕೋರ್ ವಾಟ್‌ನ ಸೂರ್ಯೋದಯ ನೋಡಿಕೊಂಡು ಬಂದರು.

"ಪಾಪ, ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ ಸಾರ್" ಎಂದರು. ನೆಲಬಾಂಬುಗಳು ಸಾವಿರಾರು ಜನರ ಕಾಲು ತಿಂದ ನಾಡದು. ಕೃತಕ ಕೈಕಾಲು ಮಾಡುವ ವಿದ್ಯೆಯನ್ನು ವರ್ಷಗಟ್ಟಲೆ ಕೂರಿಸಿ ಕಲಿಸುವ ಶಾಲೆ ನಾಮ್ ಪೆನ್‌ನಲ್ಲಿ 1994ರಿಂದಲೇ ಇದೆ. ಇವರು ಕಲಿತದ್ದು ವಿಮಾನದಲ್ಲಿ, ಡೌನ್‌ಲೋಡ್ ಮಾಡಿಕೊಂಡ ಯೂಟ್ಯೂಬ್ ನೋಡಿ.

ವಿಡಿಯೊ ತೋರಿಸಿದರು. ಮಣಿಕಟ್ಟು ಬಗ್ಗಿಸಿದರೆ ದಾರ ಎಳೆದು ಬೆರಳು ಮಡಚುವ ಕೆಂಪು-ನೀಲಿ ಕೈ. ಎಂಟರ ಹುಡುಗಿ ಅದರಲ್ಲಿ ಲೋಟ ಹಿಡಿದು ನಿಂತಿದ್ದಾಳೆ. ಲೋಟ ಖಾಲಿ, ನೀರು ತುಂಬಿದರೆ ಜಾರುತ್ತದಂತೆ. ಚಪ್ಪಾಳೆ ಮುಗಿಯಿತು. ಕ್ಯಾಮೆರಾ ಆಫ್ ಆಯಿತೆಂದುಕೊಂಡ ಹುಡುಗಿ ಆ ಕೈಯನ್ನು ಬಿಚ್ಚಿ ಬೆಂಚಿನ ಮೇಲಿಟ್ಟಳು. ಬೆರಳಿಲ್ಲದ ಅಂಗೈಯಿಂದ ಬಾಟಲಿಯನ್ನು ಎದೆಗೆ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಮುಚ್ಚಳ ತಿರುವಿ ಗಟಗಟ ನೀರು ಕುಡಿದಳು.

"ಇದನ್ನು ಕಟ್ ಮಾಡಬೇಕು" ಎಂದು ಮಹಾಶಯರು ಫೋನ್ ಒಳಗಿಟ್ಟರು.

ನಮ್ಮ ದೇಶದಲ್ಲೇ 1968ರ ಸುಮಾರಿಗೆ ಜೈಪುರದ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ, ಡಾ. ಪಿ.ಕೆ. ಸೇಥಿ ಜೊತೆ ಸೇರಿ ಕೃತಕ ಕಾಲು ಮಾಡಿದ್ದರು. ಬರಿಗಾಲಲ್ಲಿ ಗದ್ದೆಗಿಳಿಯುವವನಿಗೆ, ನೆಲಕ್ಕೆ ಕೂತು ಉಣ್ಣುವವನಿಗೆ, ಶೂ ಬೇಡುವ ಫಾರಿನ್ ಕಾಲು ಆಗಿಬರುವುದಿಲ್ಲ ಎಂಬುದು ಆ ಜೈಪುರ ಕಾಲಿನ ಗುಟ್ಟು. ಅವರು ಮೊದಲು ರೋಗಿಯನ್ನು ನೋಡಿದರು. ನಮ್ಮವರು ಮೊದಲು ನೋಡಿದ್ದು ಬೆಳಕು ಯಾವ ಕಡೆಯಿಂದ ಬೀಳುತ್ತದೆ ಅಂತ.

"ಇಲ್ಲೇ ಬೆಂಗಳೂರಲ್ಲಿ ಕೃತಕ ಕೈಕಾಲು ಮಾಡೋದನ್ನ ಕಲಿಸುವ ಮೊಬಿಲಿಟಿ ಇಂಡಿಯಾ ಇದೆಯಲ್ಲ, ಅದೂ 1994ರದ್ದೇ. ಹೊರದೇಶದವರೇ ಕಲಿಯೋಕೆ ಬರುತ್ತಾರೆ" ಎಂದೆ.

"ಜೆ.ಪಿ. ನಗರಕ್ಕಾ? ಆ ಟ್ರಾಫಿಕ್‌ನಲ್ಲಾ?"

ಸರಿ. ಊರಿಗೆ ಉಪಕಾರಿಯಾಗಲು ಇಮಿಗ್ರೇಷನ್ ದಾಟಬಹುದು, ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಲಾಗದು.

ಒಂದೇ ತೊಡಕು: ಮಕ್ಕಳು ಬೆಳೆಯುತ್ತವೆ. ಇಂದು ಸರಿಹೊಂದಿದ ಕೈ ವರ್ಷದೊಳಗೆ ಬಿಗಿಯಾಗುತ್ತದೆ, ದಾರ ಸವೆಯುತ್ತದೆ, ಚರ್ಮ ಉಜ್ಜುತ್ತದೆ. ಆಗ ಬೇಕಾಗುವುದು ದಾನಿಯಲ್ಲ. ಮುಂದಿನ ಮಂಗಳವಾರವೂ ಅದೇ ಬೀದಿಯಲ್ಲಿ ಅಂಗಡಿ ತೆರೆದಿಟ್ಟುಕೊಂಡಿರುವ ಒಬ್ಬ ಮೇಸ್ತ್ರಿ.

ಮೊನ್ನೆ ಲಿಫ್ಟಿನಲ್ಲಿ ಸಿಕ್ಕರು. ಅಲ್ಲಿಂದ ಮೆಸೇಜ್ ಬಂದಿದೆಯಂತೆ: ಹುಡುಗಿಗೆ ಕೈ ಚಿಕ್ಕದಾಗಿದೆ, ಡಿಸೈನ್ ಫೈಲ್ ಕಳಿಸಿದರೆ ದೊಡ್ಡದು ಮಾಡಿಕೊಳ್ಳುತ್ತೇವೆ.

"ಕಳಿಸಿದಿರಾ?"

"ಎಲ್ಲಿ ಸಾರ್? ಫೈಲ್ ಹಳೇ ಕಂಪನಿ ಲ್ಯಾಪ್‌ಟಾಪ್‌ನಲ್ಲಿತ್ತು. ವಾಪಸ್ ಕೊಟ್ಟುಬಿಟ್ಟೆ."

"ಅಯ್ಯೋ, ಫೋಟೋಗಳು?"

"ಏನೂ ಯೋಚನೆ ಇಲ್ಲ ಸಾರ್, ಅವೆಲ್ಲ ಕ್ಲೌಡ್‌ನಲ್ಲಿ ಭದ್ರವಾಗಿವೆ."