ಕೊಟ್ರೇಶನಿಗೆ ಕ್ರೀಮು

ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಲೇ ಕೊಟ್ರೇಶಾ’ ಎಂದು ಕೂಗಿ ನೋಡಿ, ಅರ್ಧ ಬಸ್‌ಸ್ಟ್ಯಾಂಡು ತಿರುಗುತ್ತದೆ. ಉಳಿದರ್ಧ ಕೊಟ್ರಪ್ಪ, ಕೊಟ್ರಬಸಪ್ಪ, ಕೊಟ್ರಮ್ಮಂದಿರು. ನಮ್ಮನ್ನೇ ಏನೋ ಅಂತ ಅವರೂ ಕತ್ತು ಹೊರಳಿಸುತ್ತಾರೆ. ನಮ್ಮ ಸೀಮೆಯಲ್ಲಿ ಹೆಸರಿದ್ದರೆ ಪಿನ್‌ಕೋಡ್ ಬೇಕಿಲ್ಲ. ಮೈಲಾರಪ್ಪ ಎಂದರೆ ಹಡಗಲಿ ಕಡೆಯವ, ಉಚ್ಚಂಗೆಪ್ಪ ಎಂದರೆ ಹರಪನಹಳ್ಳಿ ಕಡೆಯವ, ಮರುಳಸಿದ್ದಪ್ಪ ಎಂದರೆ ಉಜ್ಜಿನಿ ಮಠದ ಭಕ್ತ.

ಅಂಥ ಕೊಟ್ರೇಶ ನಾನು ಬರ್ಮಿಂಗ್‌ಹ್ಯಾಮಿಗೆ ಬಂದು ‘ಕಾಟ್ ರ‍್ಯಾಶ್’ ಆದೆ. ಕಾಟ್ ಎಂದರೆ ಅವರಲ್ಲಿ ಕೂಸಿನ ಮಂಚ, ರ‍್ಯಾಶ್ ಎಂದರೆ ಮೈಮೇಲಿನ ಗುಳ್ಳೆ. ಮಗ ಹುಟ್ಟಿದ ಹತ್ತನೇ ದಿನ ಮನೆಗೆ ಬಂದ ನರ್ಸಮ್ಮನಿಗೆ ಹೆಸರು ಹೇಳಿ ಕೈ ಚಾಚಿದೆ. ಆಕೆ ನನ್ನ ಕೈ ಬಿಟ್ಟು ಕೂಸಿನ ಅಂಗಿ ಬಿಚ್ಚಿದಳು. ಹೊಟ್ಟೆ, ಬೆನ್ನು, ಕಂಕುಳು ಎಲ್ಲ ತಿರುಗಿಸಿ ನೋಡಿ, ‘ಏನೂ ಕಾಣ್ತಿಲ್ಲ, ಆದ್ರೂ ಕ್ರೀಮ್ ಹಚ್ಚಿ’ ಎಂದಳು.

‘ನಿಮ್ಮ ಗತಿ ಕೂಸಿಗೆ ಬ್ಯಾಡ್ರೀ’ ಎಂದಳು ಹೆಂಡತಿ. ಇಂಗ್ಲೆಂಡಿನಲ್ಲಿ ಹುಟ್ಟಿದ 42 ದಿನದೊಳಗೆ ನೋಂದಣಿ ಮಾಡಿಸಬೇಕು. ಇಲ್ಲಿನವರ ನಾಲಿಗೆಗೂ ಹತ್ತಬೇಕು, ಊರಲ್ಲೂ ನಗಬಾರದು ಎಂದು ಅಳೆದು ಸುರಿದು ‘ಆರ್ಯ’ ಆರಿಸಿದೆವು. ಪಕ್ಕದ ಮನೆಯಾಕೆ ಹಿಗ್ಗಿ ತನ್ನ ಮಗಳನ್ನು ಕರೆದಳು: ‘ಆರ್ಯಾ, ಬಾ ಇಲ್ಲಿ!’ 2011ರಲ್ಲಿ ಶುರುವಾದ ಗೇಮ್ ಆಫ್ ಥ್ರೋನ್ಸ್ ನೋಡಿ ಇಟ್ಟ ಹೆಸರಂತೆ. ನಾವು ದೇವರ ಗುಡಿ ನೋಡಿ ಇಡುತ್ತೇವೆ, ಅವರು ಟಿವಿ ನೋಡಿ. (ನಮ್ಮಲ್ಲೂ ಥೇಟರ್ ನೋಡಿ ಇಟ್ಟ ರಾಜಕುಮಾರರಿಗೆ ಬರವಿಲ್ಲ, ಆ ಮಾತು ಬೇರೆ.) ಅಂತೂ ಗಂಡುಕೂಸಿಗೆ ಆರ್ಯ ಹೋಯಿತು.

‘ನೀಲ್’ ಎಂದೆವು. ಆಕೆ ಕಿಸಕ್ಕನೆ ನಕ್ಕಳು. ‘ಅಯ್ಯೋ, ಅದು ಬಾಯ್ಲರ್ ರಿಪೇರಿಗೆ ಬರೋ ವಯಸ್ಸಾದವರ ಹೆಸರು! ಈಗ ಅಪ್ಪನ ಕಾಲದ ಹೆಸರು ನಡೆಯಲ್ಲ. ಮುತ್ತಜ್ಜನ ಹೆಸರೇ ಫ್ಯಾಷನ್: ಆರ್ಥರ್, ಆರ್ಚಿ, ಆಲ್ಫಿ. ನಿಮ್ಮ ಮುತ್ತಜ್ಜ ಯಾರು?’

‘ಕೊಟ್ರಪ್ಪ.’

ವಿಡಿಯೋ ಕಾಲ್‌ನಲ್ಲಿದ್ದ ಅವ್ವನಿಗೆ ಇಂಗ್ಲಿಷ್ ಬಾರದಿದ್ದರೂ ಇದೊಂದು ಪದ ಕೇಳಿಸಿತು. ‘ನೋಡು, ಆ ಬಿಳೀ ಹೆಣಮಗಳಿಗಿರೋ ಬುದ್ಧಿ ನಿನಗಿಲ್ಲ. ಹರಕಿ ಹೊತ್ತಾಕಿ ನಾನು!’

ತೊಟ್ಟಿಲ ದಿನ ಸೋದರತ್ತೆ ಹಗರಿಬೊಮ್ಮನಹಳ್ಳಿಯಲ್ಲೇ ಇದ್ದಳು. ಫೋನನ್ನೇ ಕೂಸಿನ ಕಿವಿಗೆ ಹಿಡಿದೆವು. ನಮ್ಮಕ್ಕ ಅತ್ತ ‘ಕುರ್ರ್’ ಎಂದಳು. ಹೆಸರು ಬಾಯಿಗೆ ಬರುವ ಮುಂಚೆಯೇ ಓಣಿಯ ಹೆಂಗಸರೆಲ್ಲ ಸಂಪ್ರದಾಯದಂತೆ ಆಕೆಯ ಬೆನ್ನಿಗೆ ಗುದ್ದಿದರು. ಫೋನು ಕೈಜಾರಿತು. ಪರದೆಯ ಮೇಲೆ ತಿರುಗುವ ಫ್ಯಾನು ಕಂಡು, ಕರೆ ಕಟ್ಟಾಯಿತು.

ಪಕ್ಕದ ಮನೆಯಾಕೆ ಚಪ್ಪಾಳೆ ತಟ್ಟಿದಳು. ‘ಓ, ಕುರ್ಟ್! ಎಷ್ಟು ಚೆಂದ!’