ಕಪ್ಪುಗೆರೆ ಮೀಮಾಂಸೆ

ಯಾವ ಶಾಸ್ತ್ರಗ್ರಂಥವಾದರೂ ಮೊದಲಿಗೇ ನಾಲ್ಕು ಮಾತು ಹೇಳಿಬಿಡಬೇಕೆಂದು ಹಿರಿಯರು ಹಾಕಿಕೊಟ್ಟ ಪದ್ಧತಿಯಿದೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಬಣ್ಣದ ಗಾಜಿನ ಚೂರು ಜೋಡಿಸಿ ಚಿತ್ರ ಮಾಡಲು ಅಡಿಗಿಡುವ, ಸ್ಟೇನ್ಡ್ ಗ್ಲಾಸ್ ಪ್ಯಾಟರ್ನ್ ಎಂಬ ಕಾಗದದ ಹಾಳೆ ಹವ್ಯಾಸಿಗಳ ಕೈಗೆ ಸಿಕ್ಕ ಮೇಲೆ ಯಾವ ಯಾವ ಗತಿ ಕಾಣುತ್ತದೆ ಎಂಬುದು ಈ ಗ್ರಂಥದ ವಿಷಯ. ಪ್ರಯೋಜನ ಸದ್ಯಕ್ಕೆ ಕಂಡುಬಂದಿಲ್ಲ. ಸಂಬಂಧವೆಂದರೆ ಹವ್ಯಾಸಿಗೂ ಮನೆಯವರಿಗೂ ಇರುವಂಥದ್ದು. ಊಟದ ಮೇಜಿನ ಮೇಲೆ ಗಾಜಿನ ಚೂರು ಹರಡಿದ ದಿನದಿಂದ ಅದು ಕೊಂಚ ಹದಗೆಟ್ಟಿರುತ್ತದೆ. ಇನ್ನು ಅಧಿಕಾರಿ ಯಾರು? ಒಂದು ಕೈಯ ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡವರು. ಬ್ಯಾಂಡೇಜೇ ಇಲ್ಲದವರು ಇನ್ನೂ ಗಾಜಿಗೆ ಕೈ ಹಾಕಿಲ್ಲ. ಎರಡೂ ಕೈಗೆ ಸುತ್ತಿಕೊಂಡವರು ಈ ಗ್ರಂಥದ ಪುಟ ತಿರುವಲಾರರು.

ಪೂರ್ವಾಚಾರ್ಯರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಈ ವಿದ್ಯೆಯ ಬಗ್ಗೆ 12ನೇ ಶತಮಾನದ ಮೊದಲ ಭಾಗದಲ್ಲೇ ಲ್ಯಾಟಿನ್ನಿನಲ್ಲಿ ಬರೆದಿಟ್ಟವನು ಥಿಯೋಫಿಲಸ್ ಎಂಬ ಕ್ರೈಸ್ತ ಸಂನ್ಯಾಸಿ. ಮರದ ಹಲಗೆಯ ಮೇಲೆ ಸೀಮೆಸುಣ್ಣ ಉದುರಿಸು, ನೀರು ಚಿಮುಕಿಸಿ ಬಟ್ಟೆಯಿಂದ ತಿಕ್ಕು, ಒಣಗಿದ ಮೇಲೆ ಕಿಟಕಿಯ ಅಳತೆಗೆ ಸರಿಯಾಗಿ ಚಿತ್ರ ಬರೆ, ಯಾವ ತುಂಡಿಗೆ ಯಾವ ಬಣ್ಣವೆಂದು ಒಂದೊಂದು ಅಕ್ಷರದಲ್ಲಿ ಗುರುತು ಹಾಕು, ಅದರ ಮೇಲೆ ಗಾಜಿಟ್ಟು ಕಾದ ಕಬ್ಬಿಣದಿಂದ ಸೀಳು ಎಂಬುದು ಅವನ ವಿಧಿ. ಅಂಥ ಬಿಳಿ ಬಳಿದ ಹಲಗೆಗಳು, 14ನೇ ಶತಮಾನದವು, ಸ್ಪೇನಿನ ಕ್ಯಾಟಲೋನಿಯದ ಗಿರೋನಾ ಪಟ್ಟಣದಲ್ಲಿ ಇವತ್ತಿಗೂ ಉಳಿದಿವೆ. ಹಲಗೆಯ ಮೇಲೆ ಇರುವಷ್ಟು ಕಾಲ ಪ್ಯಾಟರ್ನ್ ಮರ್ಯಾದೆಯಿಂದ ಇತ್ತು. ಕೆಲಸ ಮುಗಿದರೆ ಒರೆಸಿ, ಮತ್ತೆ ಬಿಳಿ ಬಳಿದು, ಇನ್ನೊಬ್ಬ ಸಂತನನ್ನು ಬರೆಯುತ್ತಿದ್ದರು. ಹಲಗೆ ಹೊತ್ತುಕೊಂಡು ಯಾರೂ ನೆಂಟರ ಮನೆಗೆ ಹೋಗುತ್ತಿರಲಿಲ್ಲ. ಪ್ಯಾಟರ್ನ್ ಕಾಗದಕ್ಕೆ ಇಳಿದದ್ದೇ ಅನಾಹುತಕ್ಕೆ ಮೂಲ. ಕಾಗದವನ್ನು ಮಡಿಸಬಹುದು, ಗೆಳತಿಗೆ ಕೊಡಬಹುದು, ಅದರ ಪಡಿಯಚ್ಚು ತೆಗೆಯಬಹುದು. ಗಾಜು ಒಡೆದು ಹೋದರೂ ಕಾಗದ ಉಳಿದು ಬೇರೆ ದೇಹ ಹುಡುಕಿಕೊಂಡು ಹೊರಡುತ್ತದೆ.

ಈಗ ಲಕ್ಷಣ ವಿಚಾರ. ಪ್ಯಾಟರ್ನಿನ ಲಕ್ಷಣ ಬಣ್ಣವಲ್ಲ. ಬಣ್ಣವನ್ನು ಯಾರು ಬೇಕಾದರೂ ಬದಲಿಸಿಕೊಳ್ಳಬಹುದು. ಅದರ ಲಕ್ಷಣ ಕಪ್ಪುಗೆರೆ. ಈ ಗೆರೆ ಹುಟ್ಟಿದ್ದು ಅಂದಕ್ಕಲ್ಲ, ಗತ್ಯಂತರವಿಲ್ಲದೆ. ಅಂದಿನ ಯುರೋಪಿನ ಗಾಜುಕುಲುಮೆಗಳಲ್ಲಿ ದೊಡ್ಡ ಹಾಳೆ ತೆಗೆಯಲು ಬರುತ್ತಿರಲಿಲ್ಲ. ಕೆಂಪು ಒಂದು ತುಂಡು, ನೀಲಿ ಒಂದು ತುಂಡು. ಅವನ್ನೆಲ್ಲ ಹಿಡಿದಿಡಲು ಮೆತ್ತನೆಯ, ಬಾಗುವ ಲೋಹ ಬೇಕಿತ್ತು, ಸೀಸ ಸಿಕ್ಕಿತು. ಹಿಂದಿನಿಂದ ಬಿಸಿಲು ಬಂದಾಗ ಸೀಸ ಕಪ್ಪಗೆ ಕಾಣುತ್ತದೆ, ಅಷ್ಟೇ. ಪ್ಯಾರಿಸ್ಸಿನ ಸೇಂಟ್ ಶಾಪೆಲ್ 1248ರಲ್ಲಿ ಪ್ರತಿಷ್ಠೆಯಾಯಿತು. ಅದರ 15 ಮಹಾ ಕಿಟಕಿಗಳಲ್ಲಿ ಬೈಬಲ್ಲಿನ ಕಥೆಯ 1113 ದೃಶ್ಯಗಳಿವೆ. ಅಲ್ಲಿ ಹೋಗಿ ಕತ್ತೆತ್ತಿ ನಿಂತವರಲ್ಲಿ ಯಾರೂ ಸೀಸವನ್ನು ಹೊಗಳುವುದಿಲ್ಲ. ಇಡೀ ಚಿತ್ರ ಕೆಳಗೆ ಬೀಳದಂತೆ ಹಿಡಿದಿರುವುದು ಅದೇ.

ಹೊಗೆ ಕಂಡಲ್ಲಿ ಬೆಂಕಿ ಇರಲೇಬೇಕೆಂದು ತಾರ್ಕಿಕರು ಅನುಮಾನ ಪ್ರಮಾಣಕ್ಕೆ ಉದಾಹರಣೆ ಕೊಡುತ್ತಾರೆ. ಕಪ್ಪುಗೆರೆ ಕಂಡಲ್ಲಿ ಸೀಸ ಇರಲೇಬೇಕು ಎಂಬ ವ್ಯಾಪ್ತಿಯೂ ನೂರಾರು ವರ್ಷ ಗಟ್ಟಿಯಾಗಿಯೇ ನಿಂತಿತ್ತು. ಅದನ್ನು ಕೆಡವಿದವರು ಹವ್ಯಾಸಿಗಳು. ಇಂದು ಗೆರೆ ಇದೆ, ಸೀಸವಿಲ್ಲ. ಹಲವು ಕಡೆ ಗಾಜೂ ಇಲ್ಲ. ಬೆಂಕಿ ಆರಿ ಹೋದ ಮೇಲೂ ಹೊಗೆಯನ್ನು ಬಿಡದೆ ಸಾಕಿಕೊಂಡಿರುವುದು ಹೇಗೆ ಎಂಬುದೇ ಈ ಮೀಮಾಂಸೆಯ ಪ್ರಧಾನ ಪ್ರಶ್ನೆ.

ಮತತ್ರಯ ನಿರೂಪಣೆ

ಹವ್ಯಾಸಿಗಳಲ್ಲಿ ಮೂರು ಮತಗಳು. ಮೂರೂ ಕರ್ನಾಟಕದವರಿಗೆ ಪರಿಚಿತವಾದವೇ.

ಮೊದಲನೆಯದು ದ್ವೈತ, ಅಂದರೆ ಸೀಸದ ಪಟ್ಟಿಯವರ ಮತ. ಪಟ್ಟಿಯನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಎಚ್ ಅಕ್ಷರದ ಆಕಾರ. ಎರಡು ಬದಿಯ ಸಂದಿನಲ್ಲಿ ಎರಡು ಗಾಜು ಕೂರುತ್ತವೆ, ಒಂದನ್ನೊಂದು ಎಂದೂ ಮುಟ್ಟುವುದಿಲ್ಲ. ಇಲ್ಲಿ ಪಂಚಭೇದ ನಿತ್ಯಸತ್ಯ: ಗಾಜಿಗೂ ಗಾಜಿಗೂ ಭೇದ, ಗಾಜಿಗೂ ಸೀಸಕ್ಕೂ ಭೇದ, ಸೀಸಕ್ಕೂ ಸೀಸಕ್ಕೂ ಭೇದ, ಮಾಡುವವರಿಗೂ ಗಾಜಿಗೂ ಭೇದ, ಮಾಡುವವರಿಗೂ ಸೀಸಕ್ಕೂ ಭೇದ. ಕೊನೆಯ ಭೇದವನ್ನು ವೈದ್ಯರೂ ಒಪ್ಪುತ್ತಾರೆ.

ಎರಡನೆಯದು ವಿಶಿಷ್ಟಾದ್ವೈತ, ತಾಮ್ರದ ಫಾಯಿಲ್ ಮತ. ಪ್ರತಿ ಚೂರಿನ ಅಂಚಿಗೂ ತೆಳು ತಾಮ್ರದ ಟೇಪು ಸುತ್ತಿ, ಪಕ್ಕಪಕ್ಕ ಇಟ್ಟು, ತಾಮ್ರದ ಮೇಲೆ ಬೆಸುಗೆ ಹರಿಸುತ್ತಾರೆ. ಚೂರುಗಳೆಲ್ಲ ಬೇರೆ ಬೇರೆ ಅಂಗಗಳು, ಆದರೆ ಶರೀರ ಒಂದೇ. ಸೀಸದ ಪಟ್ಟಿಗೆ ಒಗ್ಗದ ಸಣ್ಣ ಚೂರುಗಳೂ ಉಬ್ಬುತಗ್ಗುಗಳೂ ಇದಕ್ಕೆ ಒಗ್ಗುತ್ತವೆ. ಅಮೆರಿಕದ ಲೂಯಿಸ್ ಕಂಫರ್ಟ್ ಟಿಫನಿ (1848-1933) ಎಂಬವರ ಕಾರ್ಖಾನೆಯ ದೀಪಗಳಿಂದ ಈ ಮತ ಲೋಕಪ್ರಸಿದ್ಧವಾಯಿತು. ವಿಸ್ಟೀರಿಯ ಎಂಬ ಹೂಬಳ್ಳಿಯ ದೀಪ ಒಂದಕ್ಕೇ ಸುಮಾರು 2000 ಗಾಜಿನ ಚೂರು. ಆ ದೀಪವನ್ನೂ ಇನ್ನೂ ಹಲವನ್ನೂ ರೂಪಿಸಿದವರು ಅಲ್ಲಿನ ಹೆಂಗಸರ ಗಾಜು ಕತ್ತರಿಸುವ ವಿಭಾಗದ ಮುಖ್ಯಸ್ಥೆ ಕ್ಲಾರಾ ಡ್ರಿಸ್ಕಾಲ್ ಎಂದು ಲೋಕಕ್ಕೆ ಸರಿಯಾಗಿ ತಿಳಿದದ್ದು ಅವರ ಪತ್ರಗಳು ಸಿಕ್ಕಿ, 2007ರಲ್ಲಿ ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿ ಪ್ರದರ್ಶನ ಏರ್ಪಡಿಸಿದ ಮೇಲೆ. ಮದುವೆಯಾದ ಹೆಂಗಸರಿಗೆ ಆ ಕಾರ್ಖಾನೆಯಲ್ಲಿ ಕೆಲಸವಿರಲಿಲ್ಲ. ಕ್ಲಾರಾ ಮದುವೆಯಾಗಿ ಬಿಟ್ಟರು, ಗಂಡ ತೀರಿಕೊಂಡ ಮೇಲೆ ಮರಳಿದರು, 1909ರಲ್ಲಿ ಮತ್ತೆ ಮದುವೆಯಾಗಿ ಪೂರ್ತಿ ಬಿಟ್ಟರು. ಭಾಷ್ಯ ಬರೆದವರು ಒಬ್ಬರು, ಪೀಠದಲ್ಲಿ ಕೂತವರು ಇನ್ನೊಬ್ಬರು. ಇಲ್ಲಿ ಅಣಕಕ್ಕೆ ಜಾಗವಿಲ್ಲವಾದ್ದರಿಂದ ಮುಂದಕ್ಕೆ ಹೋಗೋಣ.

ಈ ಮತದ ಕರ್ಮಕಾಂಡ ಬಹಳ ಕಟ್ಟುನಿಟ್ಟು. ಪ್ಯಾಟರ್ನಿನ ಎರಡು ಪ್ರತಿ ಬೇಕು. ಒಂದು ಹಾಗೆಯೇ ಉಳಿಯುತ್ತದೆ, ಇನ್ನೊಂದನ್ನು ನಂಬರು ಹಾಕಿ ತುಂಡು ತುಂಡಾಗಿ ಕತ್ತರಿಸಬೇಕು. ಕತ್ತರಿಸಲು ಮಾಮೂಲಿ ಕತ್ತರಿ ಆಗದು. ಮೂರು ಅಲಗಿನದೊಂದು ಕತ್ತರಿಯಿದೆ: ಕೆಳಗೆ ಎರಡು ಅಲಗು, ಅವುಗಳ ನಡುವೆ ಇಳಿಯುವ ಮೂರನೆಯದು. ಅದು ಗೆರೆಯ ಮೇಲೆ ನಡೆದರೆ ಎರಡು ತುಂಡುಗಳ ನಡುವಿನಿಂದ ಮುಕ್ಕಾಲು ಮಿಲಿಮೀಟರಿನಷ್ಟು ಅಗಲದ ಕಾಗದದ ಎಳೆ ಸುರುಳಿಯಾಗಿ ಹೊರಗೆ ಬೀಳುತ್ತದೆ. ತಾಮ್ರಕ್ಕೂ ಬೆಸುಗೆಗೂ ಬಿಟ್ಟ ಜಾಗ ಅದು. ದ್ವೈತಿಗಳ ಕತ್ತರಿ ಇದರ ದುಪ್ಪಟ್ಟು ತೆಗೆಯುತ್ತದೆ, ಸೀಸದ ನಡುಗೋಡೆ ದಪ್ಪವಲ್ಲವೆ. ಎಳೆಯಷ್ಟು ಜಾಗ ತಾನೆ ಎಂದು ಉದಾಸೀನ ಮಾಡಿ ಮನೆಯ ಕತ್ತರಿಯಲ್ಲೇ ಮುಗಿಸಿದವರ ಹಕ್ಕಿ, ಮೂವತ್ತು ತುಂಡು ಜೋಡಿಸುವ ಹೊತ್ತಿಗೆ, ಚೌಕಟ್ಟಿನ ಆಚೆಗೆ ಬಾಲ ಚಾಚಿರುತ್ತದೆ. ಶೂನ್ಯಕ್ಕೂ ಅಳತೆಯಿದೆ ಎಂದು ತೋರಿಸಲು ಬೌದ್ಧರಿಗೂ ಇಂಥದೊಂದು ಕತ್ತರಿ ಸಿಕ್ಕಿರಲಿಲ್ಲ.

ಗಾಜಿನ ಮೇಲೆ ಕಟರ್ ಎಳೆಯುವುದೂ ಶಾಸ್ತ್ರವೇ. ಗಾಲಿಯನ್ನು ಒಮ್ಮೆ, ಒಂದೇ ಸಮನಾದ ಒತ್ತಡದಲ್ಲಿ, ಸರ್ರೆಂದು ಎಳೆದು ಬಿಡಬೇಕು. ಸರಿಯಾಗಿ ಬಿತ್ತೋ ಇಲ್ಲವೋ ಎಂದು ಅದೇ ಗೆರೆಯ ಮೇಲೆ ಎರಡನೆಯ ಸಲ ಎಳೆದರೆ ಗಾಲಿಯೂ ಹಾಳು, ಗಾಜು ಒಡೆಯುವ ದಾರಿಯೂ ಹಾಳು. ಅಲಂಕಾರಶಾಸ್ತ್ರದಲ್ಲಿ ಪುನರುಕ್ತಿ ದೋಷಕ್ಕೆ ವಿಮರ್ಶಕರು ಬೈಯುತ್ತಾರೆ. ಇಲ್ಲಿ ಗಾಜೇ ನೇರವಾಗಿ ಉತ್ತರ ಕೊಡುತ್ತದೆ. ನಮ್ಮ ಸಾಹಿತಿಗಳಿಗೆ ಒಂದು ವಾರ ಈ ತರಬೇತಿ ಕೊಡಿಸಬಹುದೆಂದು ಸಲಹೆ.

ಮೂರನೆಯದು ಅದ್ವೈತ. ನಮ್ಮ ಕಡೆ ಹೆಚ್ಚು ಅನುಯಾಯಿಗಳಿರುವುದು ಇದಕ್ಕೇ: ಗ್ಲಾಸ್ ಪೇಂಟಿಂಗ್. ಗಾಜು ಒಂದೇ, ಅಖಂಡ. ಫ್ರೇಮಿನ ಅಂಗಡಿಯಿಂದ ತಂದ ಹಾಳೆ ಕೊನೆತನಕ ಹಾಳೆಯಾಗಿಯೇ ಇರುತ್ತದೆ. ಅಡಿಯಲ್ಲಿ ಪ್ಯಾಟರ್ನ್ ಇಟ್ಟು, ಟ್ಯೂಬಿನಿಂದ ಕಪ್ಪು ಲೈನರ್ ಹಿಂಡುತ್ತ ಗೆರೆ ಎಳೆದು, ಒಣಗಿದ ಮೇಲೆ ಒಳಗೆ ಬಣ್ಣ ತುಂಬುತ್ತಾರೆ. ಬಣ್ಣದಲ್ಲಿ ಎದ್ದ ಗಾಳಿಗುಳ್ಳೆಯನ್ನು ಗುಂಡುಸೂಜಿಯಿಂದ ಚುಚ್ಚುತ್ತಾರೆ. ಭೇದವೆಲ್ಲ ಲೈನರ್ ಎಂಬ ಉಪಾಧಿಯಿಂದ ಬಂದದ್ದು, ಉಗುರಿನಿಂದ ಕೆರೆದರೆ ಸಿಪ್ಪೆಯಾಗಿ ಏಳುತ್ತದೆ. ಹಗ್ಗದಲ್ಲಿ ಹಾವು ಕಂಡವರಿಗೆ ಲೈನರಿನಲ್ಲಿ ಸೀಸ ಕಾಣುವುದು ಕಷ್ಟವೇ? ಎಂದೂ ಒಡೆಯದ ಗಾಜನ್ನು ಜೋಡಿಸಿ ತೋರಿಸುವ ಈ ಮತ ಮೂರರಲ್ಲಿ ಅತ್ಯಂತ ಸೂಕ್ಷ್ಮ. ಇದರಲ್ಲೂ ಒಂದು ಕೈ ಮುಂದೆ ಹೋದವರಿದ್ದಾರೆ: ಅಲ್ಯೂಮಿನಿಯಂ ಫಾಯಿಲನ್ನು ಮುದುಡಿ ಬಿಡಿಸಿ ಹಿಂದೆ ಇಟ್ಟು ಫ್ರೇಮು ಹಾಕಿಸಿ, ಹಾಲಿನ ಗೋಡೆಗೆ ಮೊಳೆ ಹೊಡೆಯುತ್ತಾರೆ. ಹಿಂದೆ ಬೆಳಕಿಲ್ಲ, ಬರುವ ದಾರಿಯೂ ಇಲ್ಲ. ಗೋಡೆಗೆ ನೇತುಹಾಕಿದ ಕಿಟಕಿ ಜಗತ್ತಿನ ವಾಸ್ತುವಿಗೆ ನಮ್ಮ ಕೊಡುಗೆ ಎಂದೇ ಹೇಳಬೇಕು.

ದೇಹಾಂತರ ಪ್ರಕರಣ

ಗಾಜಿನಿಂದ ಬಿಡುಗಡೆಯಾದ ಪ್ಯಾಟರ್ನ್ ಮೊದಲು ಸೇರಿದ ದೇಹ ಬಟ್ಟೆ. ಪಾಶ್ಚಾತ್ಯ ಕ್ವಿಲ್ಟ್ ಹೊಲಿಯುವವರು ಬಣ್ಣದ ತುಂಡುಗಳ ನಡುವೆ ಕಪ್ಪು ಬಯಾಸ್ ಟೇಪನ್ನು ಇಸ್ತ್ರಿಯಿಂದ ಅಂಟಿಸಿ, ಎರಡು ಅಂಚಿಗೂ ಹೊಲಿಗೆ ಹಾಕಿ, ರೋಜಾ ಹೂವನ್ನೋ ಚಿಟ್ಟೆಯನ್ನೋ ತೆಗೆಯುತ್ತಾರೆ. ಬಟ್ಟೆಗೆ ಬಟ್ಟೆ ಸೇರಿಸಿ ಹೊಲಿದರೆ ಮುಗಿದು ಹೋಗುವ ಕೆಲಸಕ್ಕೆ ಸೀಸದ ಸೋಗು ಯಾಕೆ ಎಂದು ಪೂರ್ವಪಕ್ಷಿ ಕೇಳಬಹುದು. ಉತ್ತರ ಕರ್ನಾಟಕದ ಕೌದಿ ಈ ಗೆರೆಯ ಹಂಗಿಲ್ಲದೆ ತಲೆಮಾರುಗಳ ಚಳಿ ಕಳೆದಿದೆ. ಆದರೆ ಕೌದಿಯನ್ನು ಯಾರೂ ಗೋಡೆಗೆ ಹಾಕಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡುವುದಿಲ್ಲ, ಹೊದೆಯುತ್ತಾರೆ. ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಮರದ ತುಂಡುಗಳನ್ನು ಜೋಡಿಸುವವರು, ಕಾಗದ ಕೊರೆಯುವವರು, ಬಣ್ಣ ತುಂಬುವ ಪುಸ್ತಕದವರು, ಉಗುರಿನ ಮೇಲೆ ಇದನ್ನೇ ಬರೆಸಿಕೊಳ್ಳುವವರು, ಇವರೆಲ್ಲ ಅವಾಂತರ ಶಾಖೆಗಳು. ಸಿಮೆಂಟಿನವರನ್ನು ಮಾತ್ರ ಹಾಗೆ ಬಿಡುವಂತಿಲ್ಲ. ತೋಟದ ದಾರಿಗೆ ಹಾಸುಕಲ್ಲು ಮಾಡಲು ಇವರು ಗಾಜಿನ ಚೂರನ್ನು ಅಚ್ಚಿನಲ್ಲಿ ಮುಖ ಕೆಳಗೆ ಮಾಡಿ ಅಂಟಿಸಿ, ಮೇಲೆ ಸಿಮೆಂಟು ಸುರಿದು, ಗಟ್ಟಿಯಾದ ಮೇಲೆ ಮಗುಚುತ್ತಾರೆ. ಆದ್ದರಿಂದ ಪ್ಯಾಟರ್ನನ್ನು ಕನ್ನಡಿಯ ಪ್ರತಿಬಿಂಬದಂತೆ ತಿರುಗಿಸಿ ಇಡಬೇಕು. ಮರೆತವರ ತೋಟದಲ್ಲಿ ಸುಸ್ವಾಗತ ಎಂಬ ಅಕ್ಷರಗಳು ಹಿಂದುಮುಂದಾಗಿ ಅತಿಥಿಗಳನ್ನು ಬೀಳ್ಕೊಡುತ್ತವೆ. ಬೆಳಕು ತೂರಿ ಬರಲೆಂದೇ ಹುಟ್ಟಿದ ಗಾಜನ್ನು ಬೆಳಕು ತೂರದ ಸಿಮೆಂಟಿನಲ್ಲಿ ಹೂತು, ಮೇಲೆ ಚಪ್ಪಲಿ ಕಾಲಿಟ್ಟು ನಡೆಯುವುದಕ್ಕೆ ಯಾವ ಮತದಲ್ಲೂ ಪ್ರಾಯಶ್ಚಿತ್ತ ಹೇಳಿಲ್ಲ.

ಉಳಿದದ್ದು ಬಿಸ್ಕತ್ತು. ವಿದ್ವಾಂಸರು ನಗುವುದಕ್ಕೆ ಮೊದಲು ವಿಧಾನ ಕೇಳಬೇಕು. ಲಟ್ಟಿಸಿದ ಬಿಸ್ಕತ್ತಿನ ಹಿಟ್ಟಿನಲ್ಲಿ ಪ್ಯಾಟರ್ನಿನಂತೆ ಕಿಂಡಿ ಕೊರೆದು, ಬಣ್ಣಬಣ್ಣದ ಗಟ್ಟಿ ಪೆಪ್ಪರಮೆಂಟನ್ನು ಕುಟ್ಟಿ ಪುಡಿ ಮಾಡಿ ಕಿಂಡಿಗೆ ತುಂಬಿ, ಓವನ್ನಿನಲ್ಲಿ ಇಡುತ್ತಾರೆ. ಸಕ್ಕರೆ ಕರಗಿ ಹರಡಿ, ಆರಿದಾಗ ಪಾರದರ್ಶಕ ಹಾಳೆಯಾಗಿ ನಿಲ್ಲುತ್ತದೆ. ಬೆಳಕಿಗೆ ಹಿಡಿದರೆ ಬಣ್ಣ ಅಂಗೈ ಮೇಲೆ ಬೀಳುತ್ತದೆ. ಇಲ್ಲಿ ಗಮನಿಸಬೇಕಾದದ್ದು ಹಿಟ್ಟಿನ ಗೆರೆ. ಲೈನರಿನಂತೆ, ಬಯಾಸ್ ಟೇಪಿನಂತೆ ಅದು ಬರೀ ತೋರಿಕೆಯಲ್ಲ. ತೆಗೆದುಹಾಕಿದರೆ ಸಕ್ಕರೆಯ ಹಾಳೆ ನಿಲ್ಲಲಾರದು. ಗೆರೆ ಹಿಡಿದಿದೆ, ಬಣ್ಣ ಹಿಡಿಸಿಕೊಂಡಿದೆ, ಬೆಳಕು ದಾಟುತ್ತಿದೆ. ಸೇಂಟ್ ಶಾಪೆಲ್‌ನ ಕಿಟಕಿಯಲ್ಲಿ ಸೀಸ ಮಾಡುವ ಕೆಲಸವನ್ನೇ ಇಲ್ಲಿ ಮೈದಾ ಮಾಡುತ್ತಿದೆ. ಆದ್ದರಿಂದ ಗಾಜನ್ನು ಬಿಟ್ಟು ಹೊರಟ ಸಕಲ ಕಲೆಗಳಲ್ಲಿ ಥಿಯೋಫಿಲಸ್ಸನ ಗಾದಿಗೆ ನಿಜವಾದ ವಾರಸುದಾರ ಬಿಸ್ಕತ್ತೇ ಎಂಬುದು ಈ ಗ್ರಂಥದ ಸಿದ್ಧಾಂತ. ಒಂದೇ ಆಕ್ಷೇಪ: ಸಕ್ಕರೆ ಗಾಳಿಯ ತೇವ ಹೀರುತ್ತದೆ. ಮಂಗಳೂರಿನ ಆಷಾಢದಲ್ಲಿ ಈ ಕಿಟಕಿ ಸಂಜೆಯೊಳಗೆ ಅಂಟಂಟಾಗುತ್ತದೆ. ಅಷ್ಟರೊಳಗೆ ಮನೆಯ ಮಕ್ಕಳು ಜೀರ್ಣೋದ್ಧಾರ ಮುಗಿಸಿರುತ್ತಾರೆ ಎಂಬುದು ಸಮಾಧಾನ.

ವಸ್ತು ವಿಚಾರ

ಹವ್ಯಾಸಿಗಳ ವಸ್ತುಪ್ರಪಂಚ ಚಿಕ್ಕದು: ಚಿಟ್ಟೆ, ಗುಲಾಬಿ, ದೀಪಸ್ತಂಭ, ಝೇಂಕಾರದ ಹಕ್ಕಿ ಎಂಬ ಹಮ್ಮಿಂಗ್‌ಬರ್ಡ್. ಕೊನೆಯದು ಅಮೆರಿಕ ಖಂಡಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. ಆದರೂ ಪ್ಯಾಟರ್ನಿನಲ್ಲಿ ಕುಳಿತು ವೀಸಾ ಇಲ್ಲದೆ ಜಯನಗರದ ಬಾಲ್ಕನಿವರೆಗೆ ಬಂದಿದೆ. ಅದೇ ಬಾಲ್ಕನಿಯ ದಾಸವಾಳಕ್ಕೆ ದಿನಾ ಬರುವ ಸೂರಕ್ಕಿಯ ಪ್ಯಾಟರ್ನ್ ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ದೊಡ್ಡ ಕೆಲಸದಲ್ಲಿ ನಮ್ಮ ಹಕ್ಕಿಗೆ ಜಾಗ ಸಿಕ್ಕಿಲ್ಲವೆಂದಲ್ಲ. 1912ರಲ್ಲಿ ಮುಗಿದ ಮೈಸೂರು ಅರಮನೆಯ ಎಂಟು ಮೂಲೆಯ ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿದರೆ ಬಣ್ಣದ ಗಾಜಿನ ನವಿಲುಗಳು. ನವಿಲು ನಮ್ಮದು, ಗಾಜು ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ.

ಸ್ಕಾಟ್ಲೆಂಡಿನ ಇನ್ನೊಂದು ಋಣವೂ ಇದೆ. ಅಲ್ಲಿನ ಡೇವಿಡ್ ಬ್ರೂಸ್ಟರ್ ಎಂಬ ವಿಜ್ಞಾನಿ 1816ರಲ್ಲಿ ಕೆಲಿಡೋಸ್ಕೋಪ್ ಕಂಡುಹಿಡಿದರು. ನಮ್ಮ ಶಾಲೆಯ ಮಕ್ಕಳು ಮೂರು ಕನ್ನಡಿ ಪಟ್ಟಿ ಕಟ್ಟಿ, ಕಾಗದ ಸುತ್ತಿ, ಅಮ್ಮನ ಒಡೆದ ಬಳೆ ಚೂರು ಹಾಕಿ ಅದನ್ನೇ ಮಾಡುತ್ತಾರೆ. ಪ್ಯಾಟರ್ನ್ ಬೇಡ, ನಂಬರು ಬೇಡ, ಸೀಸ ಬೇಡ. ಅಲ್ಲಾಡಿಸಿದರೆ ಹಳೆಯದು ಹೋಗಿ ಹೊಸದು. ಕಪ್ಪುಗೆರೆಯ ಹಂಗನ್ನು ಪೂರ್ತಿ ಹರಿದುಕೊಂಡದ್ದು ಇದೊಂದೇ ಆದ್ದರಿಂದ, ಇದು ನಮ್ಮ ಮೀಮಾಂಸೆಯ ವ್ಯಾಪ್ತಿಯಿಂದ ಹೊರಗೆ. ಚಿಕ್ಕಂದಿನಲ್ಲೇ ಮುಕ್ತರಾದವರು ದೊಡ್ಡವರಾಗಿ ಲೈನರ್ ಟ್ಯೂಬು ಕೊಳ್ಳುವುದೇಕೆ ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇವೆ.

ಫಲಶ್ರುತಿ

ಈ ಗ್ರಂಥವನ್ನು ಮೂರು ಸಂಧ್ಯೆ ಓದಿದವರಿಗೆ ಗಾಜು ನೆಟ್ಟಗೆ ಒಡೆಯುತ್ತದೆಂದು ಭರವಸೆ ಕೊಡಲಾರೆವು. ಸೀಸವನ್ನೋ ಬೆಸುಗೆಯನ್ನೋ ಮುಟ್ಟಿದವರು ಸೋಪು ಹಾಕಿ ಕೈ ತೊಳೆಯದೆ ಉಣ್ಣಬಾರದು. ಆ ಕೆಲಸವನ್ನು ಅಡುಗೆಮನೆಯಲ್ಲೂ ಊಟದ ಮೇಜಿನ ಮೇಲೂ ಮಾಡಬಾರದು, ಚಿಕ್ಕ ಮಕ್ಕಳ ಹತ್ತಿರವಂತೂ ಬೇಡವೇ ಬೇಡ. ಇದು ಅಣಕವಲ್ಲ. ಕೆಲಸ ಮುಗಿದ ಮೇಲೆ ನೆಲವನ್ನು ಎರಡು ಸಲ ಗುಡಿಸಿ. ಇನ್ನು, ಯಾರಾದರೂ ವಾರಗಟ್ಟಲೆ ಕೂತು ಮಾಡಿದ ಗಾಜಿನ ಚಿಟ್ಟೆಯನ್ನು ಗೃಹಪ್ರವೇಶಕ್ಕೆ ತಂದುಕೊಟ್ಟರೆ, ದಯವಿಟ್ಟು ಶೋಕೇಸಿನ ಒಳಗಿಡಬೇಡಿ. ಬೆಳಗಿನ ಬಿಸಿಲು ಬೀಳುವ ಕಿಟಕಿಗೆ, ಗಟ್ಟಿ ತಂತಿಯಲ್ಲಿ, ಇವತ್ತೇ ಕಟ್ಟಿ.